ಪರದೆಯ ಹುಲ್ಲಿಗೆ ಬೀರಣ್ಣನ ತೀರ್ಪು

ಹೊಳನಗದ್ದೆಯಲ್ಲಿ ಕಾಲುದಾರಿಯ ಜಗಳ ಎದ್ದರೆ ತೀರ್ಪು ಹೇಳಲು ಬೀರಣ್ಣ ಪಟಗಾರರೇ ಬರಬೇಕು. ಕರೆಯದಿದ್ದರೂ ಬರುತ್ತಿದ್ದರು. ಕೊಯ್ಲಾದ ಗದ್ದೆಯಲ್ಲಿ ಯಾರು ಬೇಕಾದರೂ ಅಡ್ಡ ಹಾಯಬಹುದು, ಪೈರಿದ್ದರೆ ಸುತ್ತಿ ಹೋಗಬೇಕು. ಊರಿನ ಈ ಪದ್ಧತಿಯೇ ಅವರ ಇಡೀ ಕಾನೂನು.

೨೦೦೪ರಲ್ಲಿ ಕುಮಟೆಯ ಸೈಬರ್ ಕೆಫೆಯೊಂದರಲ್ಲಿ ಕಾರ್ ರೇಸ್ ಗೇಮಿನ ಪಂದ್ಯ ನಡೆಯಿತು. ಫೈನಲ್‌ನಲ್ಲಿ ಹೊಳನಗದ್ದೆಯ ಹುಡುಗ ದಾಮು ರಸ್ತೆಯ ತಿರುವನ್ನು ಬಿಟ್ಟು ಹುಲ್ಲಿನ ಮೇಲೆ ಕಾರು ಹಾಯಿಸಿ ಗೆದ್ದ. ಸೋತ ಶ್ರೀಕಾಂತ, ಅವನೂ ಅದೇ ಊರಿನವನು, "ಇದು ಮೋಸ" ಎಂದು ಬಹುಮಾನದ ಕಪ್ ಹಿಡಿದುಕೊಂಡು ನಿಂತ. ಜೆರಾಕ್ಸ್ ಮಾಡಿಸಲು ಬಂದಿದ್ದ ಬೀರಣ್ಣ ಹೆಗಲ ಶಾಲು ಸರಿಮಾಡಿಕೊಂಡು ಕುರ್ಚಿ ಎಳೆದರು.

"ಹಸರು ಕಾಣ್ತದೆ ಅಲಾ? ಪೈರು ಅದೆ. ದಾಮು ಮಾಡಿದ್ದು ತಪ್ಪು."

"ಅದು ಬರೀ ಹುಲ್ಲು ಮಾರಾಯ್ರೆ!" ದಾಮು ಗೋಗರೆದ.

"ನಿಂಗೆಂತ ಗೊತ್ತು? ಕೊಯ್ಲಾಗ್ಲಿ, ಮತ್ತೆ ಹಾಯ್ಸು."

ತೀರ್ಪು ತನ್ನ ಕಡೆ ಬಂದ ಖುಷಿಯಲ್ಲಿ ಶ್ರೀಕಾಂತ ನಕ್ಕ. "ಇದ್ರಲ್ಲಿ ಕೊಯ್ಲು ಎಲ್ಲಿಂದ ಬತ್ತದೆ ಬೀರಣ್ಣ? ಇದು ಯಾವಾಗ್ಲೂ ಹಿಂಗೇ ಇರ್ತದೆ."

ಬೀರಣ್ಣ ಹುಬ್ಬೇರಿಸಿದರು. "ಕೊಯ್ಯೂದೇ ಇಲ್ವಾ? ಹಂಗಾರೆ ಅದು ಬೀಳು ಗದ್ದೆ. ಬೀಳಲ್ಲಿ ಹೋಗೂಕೆ ಯಾರಪ್ಪಣೆ ಬೇಕು? ಕಪ್ ದಾಮುಗೆ ಕೊಡು. ಆತು, ಮುಗೀತು."

ಶ್ರೀಕಾಂತ ಕೊಟ್ಟ. ಮರುದಿನದಿಂದ ಆ ಕೆಫೆಯಲ್ಲಿ ಎಲ್ಲರೂ ಹುಲ್ಲಿನ ಮೇಲೆಯೇ ಓಡಿಸತೊಡಗಿದರು. ರಸ್ತೆ ಹಿಡಿದು ಹೋಗುವ ಸಜ್ಜನಿಕೆ ಕಂಪ್ಯೂಟರ್ ಓಡಿಸುವ ಕಾರುಗಳಿಗೆ ಮಾತ್ರ ಉಳಿಯಿತು.