ಗಾಲಿಯ ಯಾವ ಬದಿಗೆ ತೂಕ?

ಗೆಳೆಯರೇ, ಇಂದಿನ ಖರ್ಚು ಹೀಗಿದೆ: ಅರ್ಧ ದಿನ, ಗೋಕಾಕದಿಂದ ಹುಕ್ಕೇರಿಗೆ ಬೈಕಿನ ಪೆಟ್ರೋಲು, ಮತ್ತು ಎರಡು ವರ್ಷ ಜೋಪಾನ ಮಾಡಿದ್ದ ನನ್ನ ಜಂಬ.

ತಿರುಗುವ ಗಾಲಿ ಎಷ್ಟು ನಡುಗುತ್ತದೆ, ಯಾವ ದಿಕ್ಕಿಗೆ ಎಂಬುದನ್ನು ಎರಡು ಭಾಗಗಳಿರುವ ಒಂದೇ ಸಂಕೀರ್ಣ ಸಂಖ್ಯೆಯಾಗಿ ಬರೆಯಬಹುದು. ಅಂಥ ಸಂಖ್ಯೆಗಳ ಲೆಕ್ಕಕ್ಕೆ ನಾನೇ ಒಂದು ಸಾಫ್ಟ್‌ವೇರ್ ಲೈಬ್ರರಿ ಬರೆದಿದ್ದೇನೆ. ಇಂದು ಹುಕ್ಕೇರಿಯ ಹಿಟ್ಟಿನ ಗಿರಣಿಯೊಂದರಲ್ಲಿ ಅದರ ಮೊದಲ ಪರೀಕ್ಷೆ. ನಡುಕ ನಿಲ್ಲಿಸುವ ತೂಕವನ್ನು ಗಾಲಿಯ ಮೇಲೆ ಎಲ್ಲಿ ಕೂರಿಸಬೇಕೆಂದು ಲ್ಯಾಪ್‌ಟಾಪ್ ಹೇಳಿತು. ಮೂಡಲಗಿಯ ಮಿಸ್ತ್ರಿ ಈರಪ್ಪ ಕಾಕಾ ತೂಕದ ಬೋಲ್ಟ್ ಬಿಗಿಯಲೇ ಇಲ್ಲ. ಗಾಲಿ ತಿರುಗುವಾಗ ಸೀಮೆಸುಣ್ಣ ತಾಗಿಸಿ ಭಾರದ ಬದಿಗೆ ಮಾಡಿಕೊಂಡಿದ್ದ ಗುರುತು ತೋರಿಸಿದರು.

"ತಮ್ಮಾ, ಭಾರ ಇರೋ ಕಡೆನ ಮತ್ತ ಭಾರ ಹಾಕು ಅಂತೈತಿ ನಿನ್ನ ಪೆಟಗಿ. ಚಾಲೂ ಮಾಡಿದ್ರ ಗಾಲಿ ಗ್ವಾಡಿ ಒಡಕೊಂಡು ಹೋಗತೈತಿ."

"ಲೆಕ್ಕ ತಪ್ಪಾಗಾಕ ಸಾಧ್ಯನ ಇಲ್ರಿ ಕಾಕಾ."

"ಹಂಗಾರ ನೀ ಗಾಲಿ ಬಾಜೂ ನಿಂದ್ರು. ನಾ ರಸ್ತಾದಾಗ ನಿಂದರ್ತೀನಿ."

ಗಾಲಿಯ ಹತ್ತಿರವೇ ಹಿಟ್ಟಿಗೆ ಬಂದ ಹೆಂಗಸರು ಕುಳಿತಿದ್ದರು. ಲೈಬ್ರರಿ ತೆರೆದು ನೋಡಿದೆ. ಕೋನ ಹುಡುಕಲು ಸಂಖ್ಯೆಯ ಒಂದು ಭಾಗವನ್ನು ಇನ್ನೊಂದರಿಂದ ಭಾಗಿಸಿಬಿಟ್ಟಿದ್ದೆ. ಎರಡೂ ಮೈನಸ್ ಇದ್ದರೆ ಭಾಗಿಸಿದಾಗ ಪ್ಲಸ್ ಬರುತ್ತದೆ, ದಿಕ್ಕು ಪೂರ್ತಿ ಉಲ್ಟಾ ಆಗುತ್ತದೆ. ಎರಡರ ಚಿಹ್ನೆಯನ್ನೂ ಬೇರೆಬೇರೆ ನೋಡುವಂತೆ ತಿದ್ದಿದೆ. ಹೊಸ ಉತ್ತರ ಕಾಕಾನ ಗುರುತಿಗೆ ನೇರ ಎದುರು ಬದಿಗೆ ಬಂತು. ಆಗಷ್ಟೇ ಅವರು ಬೋಲ್ಟ್ ಬಿಗಿಯುವ ಪಾನಾ ಕೈಗೆತ್ತಿಕೊಂಡರು.

ಗಿರಣಿಗೆ ನಡುಗದೆ ತಿರುಗುವ ಗಾಲಿ ಸಿಕ್ಕಿತು. ಲೈಬ್ರರಿಗೆ ನಾಲ್ಕು ಸಾಲು ಸೇರಿತು. ಕಾಕಾಗೆ ಮೂಡಲಗಿಯಲ್ಲಿ ವಾರವಿಡೀ ಹೇಳುವಷ್ಟು ಸುದ್ದಿ ಸಿಕ್ಕಿತು. ನನಗೆ ಇದನ್ನು ಟೈಪ್ ಮಾಡಲು ಎರಡು ಕೈ ಉಳಿದವು.