ನಾನು ಮುಚ್ಚಿದ ದೃಷ್ಟಿಬೊಟ್ಟು

ನನ್ನ ಗಂಡ ಫೋಟೊ ತೆಗೆಯುತ್ತಾರೆ, ನಾನು ಒರೆಸುತ್ತೇನೆ. ಚಿಂತಾಮಣಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿರುವ ನಮ್ಮ ಸ್ಟುಡಿಯೋದ ಕೆಲಸವನ್ನು ಹೀಗೆ ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಮದುವೆ, ನಾಮಕರಣ, ಗೃಹಪ್ರವೇಶ ಎಂದು ಅವರು ಊರೂರು ಸುತ್ತಿ ಬರುತ್ತಾರೆ. ಆ ಮುಖಗಳ ಮೇಲಿನ ಬೆವರು, ಮೊಡವೆ, ಎಣ್ಣೆಜಿಡ್ಡು ಎಲ್ಲ ಕಂಪ್ಯೂಟರಿನ ಮುಂದೆ ಕೂತ ನನ್ನ ಪಾಲಿಗೆ. ಮನೆಯಲ್ಲೂ ನನ್ನದು ಅದೇ ಚಾಳಿ. ಒಲೆಯ ಪಕ್ಕ ಒಂದು ಹನಿ ಸಾರು ಬಿದ್ದಿದ್ದರೂ ಅದನ್ನು ಒರೆಸದೆ ನನಗೆ ಊಟ ಗಂಟಲಲ್ಲಿ ಇಳಿಯುವುದಿಲ್ಲ.

ಮೊದಮೊದಲು ನಾನು ಮೂಲ ಫೋಟೊದ ಮೇಲೆಯೇ ಅಳಿಸಿ ಸೇವ್ ಮಾಡಿಬಿಡುತ್ತಿದ್ದೆ. ಗಿರಾಕಿ ಬಂದು ಇದು ಬೇಡ, ಮೊದಲಿದ್ದ ಹಾಗೇ ಮಾಡಿಕೊಡಿ ಎಂದರೆ ಕೊಡಲು ಮೊದಲಿನದು ಇರುತ್ತಲೇ ಇರಲಿಲ್ಲ. ಕ್ಯಾಮೆರಾದ ಕಾರ್ಡನ್ನು ಮುಂದಿನ ಮದುವೆಗೆಂದು ಖಾಲಿ ಮಾಡಿ ಆಗಿರುತ್ತಿತ್ತು. ಒಂದು ದಿನ ನನ್ನ ಗಂಡ ತಲೆಯ ಮೇಲೆ ಕೈಹೊತ್ತು ಕೂತರು.

"ಅಲ್ಲ ಕಣೇ, ಅಳಿಸಬೇಡ ಅಂತ ಎಷ್ಟು ಸಲ ಹೇಳ್ಲಿ? ಮುಚ್ಚು. ಲೇಯರ್ ಹಾಕ್ಕೊಂಡು ಮುಚ್ಚು."

"ಮುಚ್ಚೋದಕ್ಕೂ ಅಳಿಸೋದಕ್ಕೂ ಏನ್ರೀ ವ್ಯತ್ಯಾಸ? ಕಾಣ್ದಿದ್ರೆ ಸಾಲ್ದಾ?"

ಅವರು ಕೌಂಟರಿನ ಗಾಜಿನಡಿ ಜೋಡಿಸಿಟ್ಟಿದ್ದ ಪಾಸ್‌ಪೋರ್ಟ್ ಫೋಟೊಗಳಲ್ಲಿ ಒಂದರ ಮೇಲೆ ಅಂಗೈ ಇಟ್ಟರು. "ಕಾಣ್ತಿದೆಯಾ?" ಇಲ್ಲ ಎಂದೆ. ಕೈ ತೆಗೆದರು. "ಹೋಯ್ತಾ?" ಹೋಗಿರಲಿಲ್ಲ. ಮೂಲದ ಮೇಲೆ ಅದರದೇ ಒಂದು ನಕಲನ್ನು ಗಾಜಿನ ಹಾಗೆ ಇಟ್ಟುಕೋ, ಒರೆಸುವುದನ್ನೆಲ್ಲ ಆ ನಕಲಿನ ಮೇಲೆ ಒರೆಸು, ಅದೇ ಲೇಯರ್ ಎಂದರು. ಆ ನಕಲಿಗೆ ಒಂದು ಮಾಸ್ಕ್ ತೊಡಿಸಿದರೆ ಅದರಲ್ಲಿ ಎಷ್ಟು ಕಾಣಬೇಕು ಎಷ್ಟು ಮರೆಯಾಗಬೇಕು ಎನ್ನುವುದು ನಮ್ಮ ಕೈಯಲ್ಲಿ. ಮಾಸ್ಕಿಗೆ ಕಪ್ಪು ಬಳಿದ ಕಡೆ ಮೇಲಿನ ನಕಲು ಮರೆಯಾಗಿ ಕೆಳಗಿನ ಮೂಲ ಕಾಣುತ್ತದೆ. ಬಿಳಿ ಬಳಿದರೆ ನಕಲು ಮತ್ತೆ ಬರುತ್ತದೆ. ನಾನು ಒಂದು ವಾರ ಕಪ್ಪಿಗೆ ಬಿಳಿ, ಬಿಳಿಗೆ ಕಪ್ಪು ಮಾಡಿಕೊಂಡು, ಅವರ ಮೇಲೂ ರೇಗಿ, ಕೊನೆಗೆ ಕಲಿತೆ. ಹೊಗಳಲಿಲ್ಲ ಅವರು. ನಾನೂ ಥ್ಯಾಂಕ್ಸ್ ಹೇಳಲಿಲ್ಲ.

ಅದಾಗಿ ಒಂದೂವರೆ ತಿಂಗಳಿಗೆ, ಒಂದು ಬೆಳಿಗ್ಗೆ, ಅಂಬಾಜಿದುರ್ಗದ ತಪ್ಪಲಿನ ಹಳ್ಳಿಯಿಂದ ಅತ್ತೆ ಸೊಸೆ ಇಬ್ಬರು ಬಂದರು. ಮಗು ಅತ್ತೆಯ ಸೊಂಟದ ಮೇಲಿತ್ತು. ಸೊಸೆ ಪತ್ರಿಕೆಯಲ್ಲಿ ಸುತ್ತಿದ ದೊಡ್ಡ ಫ್ರೇಮನ್ನು ತಬ್ಬಿಕೊಂಡು ಎರಡು ಹೆಜ್ಜೆ ಹಿಂದೆ ನಿಂತಿದ್ದಳು. ನನ್ನ ಗಂಡ ಗೌರಿಬಿದನೂರಿಗೆ ಮದುವೆಗೆ ಹೋಗಿದ್ದರು, ಸ್ಟುಡಿಯೋದಲ್ಲಿ ನಾನೊಬ್ಬಳೇ.

ಪತ್ರಿಕೆ ಬಿಚ್ಚಿಸಿ ಫ್ರೇಮನ್ನು ಕೌಂಟರಿನ ಮೇಲೆ ಇಡಿಸಿದರು ಅತ್ತೆ. ನಾಮಕರಣದ ಫೋಟೊ. ಅವರೇ ಮಗುವನ್ನು ಎತ್ತಿಕೊಂಡು ಕೂತಿದ್ದಾರೆ. ಮಗುವಿನ ಮುಖ ಬೆಣ್ಣೆಯ ಹಾಗಿದೆ. ನನ್ನದೇ ಕೆಲಸ, ನೋಡಿದ ಕೂಡಲೇ ಗುರುತು ಸಿಕ್ಕಿತು.

"ಇಲ್ಲಿ ನಾನು ದೃಷ್ಟಿಬೊಟ್ಟು ಇಟ್ಟಿದ್ದೆ, ಕೆನ್ನೆ ಮೇಲೆ," ಎಂದರು. "ಎಲ್ಲೋಯ್ತು?"

ನಾನು ಫ್ರೇಮಿನ ಮೇಲೆ ಬಗ್ಗಿ ಮಗುವಿನ ಕೆನ್ನೆ ನೋಡಿದೆ.

"ಮನೆಗೆ ಬಂದೋರೆಲ್ಲ ಈ ಫೋಟೊನೇ ನೋಡವ್ರೆ. ಬೊಟ್ಟಿಲ್ದಿರೋ ಮಗೂನ. ಹತ್ತೇ ದಿನಕ್ಕೆ ಜ್ವರ ಬಂತು. ಈಗ ಇಳಿದೈತೆ, ಅದು ಬೇರೆ ಮಾತು. ಬೊಟ್ಟು ಇಡೋವಾಗ್ಲೇ ಇವಳು, ಇಷ್ಟು ದೊಡ್ಡದು ಬೇಕಾ ಅತ್ತೆ, ಅಂದಿದ್ಳು. ಫೋಟೊ ತಗೊಂಡೋಗೋಕೆ ಬಂದಿದ್ದೂ ಇವಳೇ. ನಿಜ ಹೇಳಮ್ಮ, ಇವಳು ಹೇಳಿ ತೆಗೆಸಿದ್ಳಾ?"

ಸೊಸೆ ತಲೆ ಎತ್ತಲಿಲ್ಲ. ಮಗು ಅವಳ ಕಡೆ ಕೈ ಚಾಚಿದರೂ ಅತ್ತೆ ಕೊಡಲಿಲ್ಲ, ಸೊಂಟ ಬದಲಿಸಿದರು ಅಷ್ಟೆ. ಆ ಮನೆಯಲ್ಲಿ ಏನು ನಡೆಯುತ್ತಿದೆ ಎನ್ನುವುದು ಅಷ್ಟರಲ್ಲೇ ಅರ್ಥವಾಯಿತು. ಹಾಲು ಕುಡಿಸುವ ಹೊತ್ತಿಗೆ ಮಾತ್ರ ಮಗು ಅವಳ ಕೈಗೆ ಸಿಗುತ್ತಿದೆ.

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಇದೇ ಸೀಮೆಯಲ್ಲಿ ಹುಟ್ಟಿದವಳು ನಾನು. ನನ್ನ ಮಕ್ಕಳಿಬ್ಬರಿಗೂ ದಿನಾ ಸಂಜೆ ಬೊಟ್ಟಿಟ್ಟವಳು. ಆದರೂ ಆ ಫೋಟೊದಲ್ಲಿ ಸೊಳ್ಳೆ ಕಚ್ಚಿದ ಗುರುತುಗಳ ನಡುವೆ ಒಂದು ಕಪ್ಪು ಕಲೆ ಕಂಡಾಗ ಕೈ ನಿಲ್ಲಲಿಲ್ಲ, ಒರೆಸಿಬಿಟ್ಟಿತ್ತು.

"ಅವರು ಹೇಳಿಲ್ಲ. ನಾನೇ ಒರೆಸಿದ್ದು," ಎಂದೆ.

"ಅವಳ ಪರ ಮಾತಾಡ್ಬೇಡಮ್ಮ. ಯಾರಾದ್ರೂ ಮಗೂನ ಬೊಟ್ಟು ತೆಗೀತಾರಾ, ಹೇಳ್ದೆ?"

ನಂಬಲಿಲ್ಲ. ನಂಬುವ ಹಾಗೂ ಇರಲಿಲ್ಲ, ನನಗೇ ನಂಬಲಾಗುತ್ತಿರಲಿಲ್ಲ. ತೋರಿಸಲು ಇದ್ದದ್ದು ಕಂಪ್ಯೂಟರಿನಲ್ಲಿರುವ ಫೈಲು ಒಂದೇ. ಅದನ್ನು ಮಾಸ್ಕ್ ಕಲಿಯುವ ಮೊದಲು ಮಾಡಿದ್ದೆನೋ ಆಮೇಲೆ ಮಾಡಿದ್ದೆನೋ ಜಪ್ಪಯ್ಯ ಎಂದರೂ ನೆನಪಾಗಲಿಲ್ಲ. ಮೊದಲೇ ಮಾಡಿದ್ದರೆ ಬೊಟ್ಟು ಶಾಶ್ವತವಾಗಿ ಹೋದ ಹಾಗೆ. ಬ್ರಷ್ಷಿನಲ್ಲಿ ಹೊಸದೊಂದು ಬೊಟ್ಟು ಬರೆದು ಕಳಿಸಿಬಿಡಬಹುದಿತ್ತು, ಎರಡು ನಿಮಿಷದ ಕೆಲಸ. ಆದರೆ ಅದರಿಂದ ಈ ಹುಡುಗಿಗೆ ಬಂದ ಮಾತು ಹೋಗುತ್ತಿರಲಿಲ್ಲ.

ಅವರಿಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಫೈಲು ತೆರೆದೆ. ಬಲಗಡೆಯ ಪಟ್ಟಿಯಲ್ಲಿ ಒಂದರ ಮೇಲೊಂದು ಎರಡು ಪುಟ್ಟ ಚಿತ್ರಗಳು ಕಂಡವು, ಮೇಲಿನದರ ಪಕ್ಕ ಮಾಸ್ಕಿನ ಬಿಳಿ ಚೌಕ. ಆ ಗಳಿಗೆಯಲ್ಲಿ ಗಂಡ ಎದುರಿಗಿದ್ದಿದ್ದರೆ ಬಾಯಿಬಿಟ್ಟು ಥ್ಯಾಂಕ್ಸ್ ಹೇಳುತ್ತಿದ್ದೆ.

"ನೋಡೀಮ್ಮ, ಇದು ನಾನು ಒರೆಸಿದ್ದು. ಕೆಳಗಿರೋದು ಅವತ್ತು ತೆಗೆದಿದ್ದು. ಮೇಲಿರೋದನ್ನ ಈಗ ಎತ್ತುತ್ತೀನಿ," ಎಂದು ಮೇಲಿನ ಲೇಯರನ್ನು ಮರೆಮಾಡಿದೆ.

ಸೊಳ್ಳೆ ಕಚ್ಚಿದ ಗುರುತುಗಳು ಬಂದವು, ತುಟಿಯ ಕೆಳಗಿನ ಜೊಲ್ಲು ಬಂತು, ಕೆನ್ನೆಯ ಮೇಲೆ ಬೊಟ್ಟು ಬಂತು. ಒಂದು ಬದಿಗೆ ಎಳೆದುಕೊಂಡು ಹೋಗಿತ್ತು ಅದು.

"ನಿಜಂಗಾ?" ಎಂದರು ಅತ್ತೆ ತೆಲುಗಿನಲ್ಲಿ, ತಮಗೆ ತಾವೇ. ಪರದೆಗೆ ಮುಖ ತಂದರು. "ನನ್ನ ಬೆರಳೇ ಇದು. ಮಗು ಮುಖ ತಿರುಗಿಸ್ತು, ಅದಕ್ಕೇ ಬಾಲ ಬಂದೈತೆ. ಹಂಗಾದ್ರೆ ಹೋಗೇ ಇರ್ಲಿಲ್ವಾ ಇದು?"

"ಇಲ್ಲಮ್ಮ. ಇಲ್ಲೇ ಇತ್ತು."

ಆಮೇಲೆ ಅವರ ನೋಟ ಮಗುವಿನಿಂದ ಮೇಲಕ್ಕೆ ಹೋಯಿತು. ಪರದೆಯಲ್ಲಿದ್ದ ಅವರ ಗಲ್ಲದ ಮೇಲೆ ಕಡಲೆಕಾಳಿನಷ್ಟು ದಪ್ಪದ ಒಂದು ಮಚ್ಚೆ ಇತ್ತು. ಕೌಂಟರಿನ ಮೇಲಿನ ಫ್ರೇಮ್ ನೋಡಿದರು. ಅಲ್ಲಿ ಗಲ್ಲ ನುಣ್ಣಗಿತ್ತು. ಮನೆಯಲ್ಲಿ ಎಲ್ಲರೂ ಮಗುವನ್ನೇ ನೋಡಿದ್ದರು, ಅಜ್ಜಿಯ ಗಲ್ಲ ಯಾರು ನೋಡುತ್ತಾರೆ? ಅವರ ಕೈ ತಾನಾಗಿ ಗಲ್ಲಕ್ಕೆ ಹೋಗಿ ಮಚ್ಚೆಯನ್ನು ಮುಟ್ಟಿತು. ಪಕ್ಕದಲ್ಲೇ ಕೂತಿದ್ದರೂ ಅದುವರೆಗೆ ಅದು ನನ್ನ ಕಣ್ಣಿಗೂ ಬಿದ್ದಿರಲಿಲ್ಲ.

"ಇದನ್ನ ತೆಗಿ ಅಂತ ನಿನಗೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲಮ್ಮ. ಅದೇ ಹೇಳಿದ್ನಲ್ಲ. ಕಪ್ಪಗಿರೋದು ಏನು ಕಂಡ್ರೂ ಒರೆಸೋದೇ ನನ್ನ ಕೆಲಸ. ತಪ್ಪಾಯ್ತು."

ನನ್ನನ್ನು ಬೈಯುತ್ತಾರೆ ಎಂದುಕೊಂಡೆ, ಬೈದರೆ ಬೈಸಿಕೊಳ್ಳಲು ಸಿದ್ಧಳಾಗಿದ್ದೆ. ಅವರು ತಿರುಗಿದ್ದು ಸೊಸೆಯ ಕಡೆಗೆ.

"ನಾನಲ್ಲ ಅಂತ ಒಂದು ಮಾತು ಹೇಳೋದಲ್ವೇನೇ?"

"ಹೇಳ್ದೆ ಅತ್ತೆ. ಮೂರು ಸಲ ಹೇಳ್ದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಅತ್ತೆ ಎರಡು ಸಲ ತಲೆಯಾಡಿಸಿದರು.

"ಹೂಂ. ನೀನು ಹೇಳಿದ್ದೆ. ನಾನು ಕಿವಿಗೆ ಹಾಕ್ಕೊಳ್ಲಿಲ್ಲ." ಹಾಗೆಂದು ಮಗುವನ್ನು ಎತ್ತಿ ಅವಳ ಮಡಿಲಿಗೆ ಹಾಕಿದರು. ಮಗು ತಾಯಿಯ ಕುತ್ತಿಗೆಗೆ ಮುಖ ಒತ್ತಿಕೊಂಡಿತು. ಅವಳು ಎಷ್ಟು ದಿನದಿಂದ ಹಿಡಿದಿದ್ದಳೋ, ಉಸಿರು ಬಿಟ್ಟದ್ದು ನನಗೂ ಕೇಳಿಸಿತು.

ಮೇಲಿನ ಲೇಯರನ್ನು ಮತ್ತೆ ತಂದೆ. ಸೊಳ್ಳೆ ಗುರುತು, ಜೊಲ್ಲು ಮುಚ್ಚಿಯೇ ಇರಲಿ ಎಂದು ಬಿಟ್ಟು, ಮಾಸ್ಕಿನಲ್ಲಿ ಕೆನ್ನೆಯ ಜಾಗಕ್ಕೆ ಮಾತ್ರ ಚಿಕ್ಕ ಬ್ರಷ್ಷಿನಿಂದ ಕಪ್ಪು ಬಳಿದೆ. ಬೊಟ್ಟು ತನ್ನ ಬಾಲದ ಸಮೇತ ಮೇಲೆ ಬಂತು. ಬೇರೆ ಪ್ರಿಂಟು ಹಾಕಿ, ಅದೇ ಫ್ರೇಮಿಗೆ ಈಗಲೇ ಕೂರಿಸಿ ಕೊಡುತ್ತೇನೆ ಎಂದೆ. ಆಮೇಲೆ ಕೇಳಲೇಬೇಕಾದದ್ದನ್ನು ಕೇಳಿದೆ.

"ನಿಮ್ಮ ಮಚ್ಚೆ ಏನ್ಮಾಡ್ಲಮ್ಮ? ಮುಚ್ಚೇ ಇರ್ಲಾ?"

ಅತ್ತೆ ಫ್ರೇಮಿನಲ್ಲಿದ್ದ ತಮ್ಮ ನುಣುಪು ಗಲ್ಲವನ್ನು ಒಮ್ಮೆ ನೋಡಿದರು. ಅವರಿಗೆ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಕೊನೆಗೆ ಸೊಸೆಯನ್ನು ಕೇಳಿದರು, "ಏನ್ಮಾಡಣ, ನೀನೇ ಹೇಳಮ್ಮ."

ಸೊಸೆ ಮಗುವಿನ ಬೆನ್ನು ಸವರುತ್ತಲೇ ಹೇಳಿದಳು, "ಇರ್ಲಿ ಅತ್ತೆ. ನೀವು ಎತ್ತಿಕೊಂಡಾಗೆಲ್ಲ ಅದನ್ನೇ ಹಿಡ್ಕೊಂಡು ಆಡ್ತಾನೆ. ಇಲ್ದಿದ್ರೆ ಫೋಟೊದಲ್ಲಿ ಇರೋರು ಯಾರು ಅಂತಾನೆ."

ನಾನು ಅಲ್ಲಿಗೂ ಕಪ್ಪು ಬಳಿದೆ.