ಮಾಯಣ್ಣ ಗುಡ್ಡಕ್ಕೆ ಕಟ್ಟಿದ ರೊಪ್ಪ

ನಾಗಮಂಗಲದ ಸೀಮೆಯಲ್ಲಿ ಆಡಿನ ಮಾಯಣ್ಣ ಎಂದರೆ ಹತ್ತೂರಿಗೆ ಗೊತ್ತಿದ್ದ ಆಸಾಮಿ. ಮಾತು ಒರಟು, ಮೀಸೆ ಇನ್ನೂ ಒರಟು. ಅರವತ್ತು ಆಡುಗಳನ್ನು ಮಾತ್ರ ಒಂದೊಂದಕ್ಕೂ ಹೆಸರಿಟ್ಟು ಮುದ್ದಾಗಿ ಕರೆಯುತ್ತಿದ್ದ. ಊರ ಹಿಂದಿನ ಗುಡ್ಡದ ಕಲ್ಲುಕಲ್ಲೂ ತನಗೆ ಗೊತ್ತು ಎಂದು ಜಂಬ ಕೊಚ್ಚುತ್ತಿದ್ದ. ಗೊತ್ತಿದ್ದದ್ದು ಕಲ್ಲು ಮಾತ್ರ ಎಂಬುದು ಅವನಿಗೆ ತಿಳಿದದ್ದು ನಲವತ್ತೈದು ದಾಟಿದ ಮೇಲೆ.

ಕನ್ನಂಬಾಡಿ ಕಟ್ಟೆ ಏಳುತ್ತಿದ್ದ ಕಾಲ. ಹಿರೋಡೆಗೆ ಕೊಟ್ಟಿದ್ದ ಮಗಳು ಲಕ್ಷ್ಮಿದೇವಮ್ಮ ಬಾಣಂತನಕ್ಕೆ ಬಂದಿದ್ದಳು. ಗಂಡುಕೂಸು ಹುಟ್ಟಿ ಆರು ದಿನವಾದರೂ ಎದೆಯಲ್ಲಿ ಹಾಲಿಲ್ಲ. ಆಡಿನ ಹಾಲು ಹನಿಸಿದರೆ ಕೂಸು ಮುಕ್ಕಾಲು ಪಾಲು ಕಕ್ಕಿಬಿಡುತ್ತಿತ್ತು. ಅಳುವ ದನಿಯೂ ದಿನದಿನಕ್ಕೆ ಸಣ್ಣಗಾಗುತ್ತಿತ್ತು. ಹೆಂಡತಿ ತಿಮ್ಮಮ್ಮ ಬೆಳಗ್ಗೆಯೇ ಎದುರು ನಿಂತಳು.

“ಅಲವು ಮಕ್ಕಳ ತಾಯಿ ಬೇರು ಅಗ್ಕೊಂಡ್ ಬಾ. ನಾನು ಬಾಣಂತಿಯಾಗಿದ್ದಾಗ ನಿಮ್ಮವ್ವ ಅದ್ನೇ ಅರೆದು ಕೊಟ್ಟಿದ್ದು.”

“ಅದ್ಯಾವ ದೊಡ್ ಕೆಲ್ಸ ಕಣಮ್ಮಿ, ಅಂಬ್ಲಿ ಆರೋದ್ರೊಳ್ಗೆ ಬಂದ್ಬುಡ್ತೀನಿ” ಎಂದು ಮಾಯಣ್ಣ ಮಚ್ಚು ಹಿಡಿದು ಹೊರಟ. ಹೇಗೂ ಹೋಗುತ್ತಿದ್ದೇನೆ, ರೊಪ್ಪಕ್ಕೆ ಮುಳ್ಳನ್ನೂ ಕಡಿದರಾಯಿತು ಎಂಬ ಲೆಕ್ಕ. ಆಡು ಕೂಡುವ ರೊಪ್ಪಕ್ಕೆ ಮಳೆಗಾಲದ ಮುಂಚೆ ಹೊಸ ಕಾರೆಮುಳ್ಳು ಒಟ್ಟುವುದು ಆ ಕಡೆಯ ಪದ್ಧತಿ. ಪ್ರತಿ ವರ್ಷ ಎರಡು ಗಾಡಿ ಮುಳ್ಳು ಗುಡ್ಡದಿಂದಲೇ ಇಳಿಯುತ್ತಿತ್ತು.

ಹೊತ್ತು ನೆತ್ತಿಗೆ ಬಂದರೂ ಬೇರು ಸಿಗಲಿಲ್ಲ. ಅವ್ವ ಅಗೆಯುತ್ತಿದ್ದ ಜಾಗ ಕಣದ ನೆಲದಂತೆ ಗಟ್ಟಿಯಾಗಿತ್ತು. ಆಡು ಮೂಸದ ತಂಗಡಿ ಗಿಡ ಬಿಟ್ಟರೆ ಬರೀ ಕೆಂಪು ಮಣ್ಣು. ದಿನವೂ ಕಂಡ ನೆಲವೇ, ಆದರೆ ಏನೋ ಹುಡುಕಿಕೊಂಡು ನೋಡಿದ್ದು ಅಂದೇ ಮೊದಲು.

ಕೊರಕಲಿನ ಪಕ್ಕ ಕಾರೆಯ ಪೊದೆಯೊಂದು ಉಳಿದಿತ್ತು. ಬರಿಗೈಯಲ್ಲಿ ಹೋಗುವುದೇಕೆ, ಮುಳ್ಳನ್ನಾದರೂ ಒಯ್ಯೋಣವೆಂದು ಮಚ್ಚು ಎತ್ತಿದ. ಅಷ್ಟರಲ್ಲಿ ಮುಂಗಾರಿನ ಮಳೆ ಧೋ ಎಂದು ಸುರಿಯಿತು. ಇಳಿಜಾರಿನ ತುಂಬ ಕೆಂಪು ನೀರು ಮಣ್ಣು ಹೊತ್ತು ಓಡಿತು. ಪೊದೆಯೊಳಕ್ಕೆ ಬಿದ್ದ ನೀರು ಮಾತ್ರ ಎತ್ತಲೂ ಓಡಲಿಲ್ಲ. ಬಿದ್ದದ್ದು ಬಿದ್ದಲ್ಲೇ ಇಂಗಿಹೋಗುತ್ತಿತ್ತು. ಇದೇನು ಮಾಯವೋ ಎಂದು ಮಾಯಣ್ಣ ನೆಲಕ್ಕೆ ಹೊಟ್ಟೆ ಹಚ್ಚಿ, ಮುಳ್ಳು ತರಚಿದರೂ ಬಿಡದೆ ತಲೆ ಒಳಗೆ ತೂರಿಸಿದ.

ಒಳಗೆ ಬೇರೊಂದು ಲೋಕವೇ ಇತ್ತು. ಕೈ ಊರಿದರೆ ಮಣಿಕಟ್ಟಿನವರೆಗೆ ಇಳಿಯುವ ಕಪ್ಪು ಮಣ್ಣು. ಸೊಗದೆ ಬಳ್ಳಿ, ನೆಲಬೇವು, ಗೇಣುದ್ದದ ಗಂಧದ ಸಸಿ, ಅವ್ವ ಹೆಸರು ಹೇಳಿಕೊಟ್ಟು ತಾನು ಮರೆತಿದ್ದ ಇನ್ನೆಷ್ಟೋ ಗಿಡ. ಅವುಗಳ ನಡುವೆ ಎಳೆ ನೂಲಿನಂಥ ಎಲೆಯ ಒಂದೇ ಒಂದು ಹಲವು ಮಕ್ಕಳ ತಾಯಿ ಬೇರಿನ ಬಳ್ಳಿ. ಅವ್ವ ಕಂಡಿದ್ದ ಇಡೀ ಗುಡ್ಡ ಆಡಿನ ಬಾಯಿ ಎಟುಕದ ಈ ಒಂದು ಮಾರು ಜಾಗದಲ್ಲಿ ಮುದುರಿ ಕೂತಿತ್ತು. ಉಳಿದದ್ದನ್ನು ಮೇಯಿಸಿದವನು ತಾನೇ. ಕಾಪಾಡುತ್ತಿದ್ದ ಮುಳ್ಳನ್ನು ಕಡಿದವನೂ ತಾನೇ. ಮಾಯಣ್ಣನಿಗೆ ಅಳು ಬಂತು, ಕೈ ತಾನಾಗಿ ಮುಗಿಯಿತು.

ಅರ್ಧ ಗೆಡ್ಡೆ ಕಿತ್ತು, ಉಳಿದರ್ಧಕ್ಕೆ ಮಣ್ಣು ಮುಚ್ಚಿ ಬಂದ. ಮೂರನೆಯ ದಿನ ಮಗಳ ಎದೆಯಲ್ಲಿ ಹಾಲಿಳಿಯಿತು. ಬೇರಿನಿಂದಲೋ ತಿಮ್ಮಮ್ಮನ ಆರೈಕೆಯಿಂದಲೋ, ಬಲ್ಲವರು ಹೇಳಲಿ. ಮಾಯಣ್ಣನಂತೂ ಮರುವಾರವೇ ತನ್ನ ರೊಪ್ಪದ ಮುಳ್ಳನ್ನು ಕಿತ್ತು ಗಾಡಿಗೆ ಹೇರಿ ಗುಡ್ಡ ಹತ್ತಿಸಿ, ಪೊದೆಯ ಸುತ್ತ ಎರಡೆಕರೆಗೆ ಬೇಲಿ ಕಟ್ಟಿದ. ಆಡುಗಳಿಗೆ ಕಲ್ಲುಗೋಡೆ ಎಬ್ಬಿಸಿದ.

ಊರಗೌಡ ಶಿವಲಿಂಗಯ್ಯ ಹೊಟ್ಟೆ ಹಿಡಿದು ನಕ್ಕ. “ಏನ್ಲಾ, ಗುಡ್ಡಕ್ಕೇ ರೊಪ್ಪ ಕಟ್ಬುಟ್ಯಲ್ಲಾ! ಯಾವ ಕಿರುಬ ಬತ್ತದ್ಲಾ ಅದ್ನ ತಿನ್ನಕೆ?”

“ನನ್ ಆಡೇ ಕಣ್ ಗೌಡ್ರೆ” ಎಂದ ಮಾಯಣ್ಣ.

ಇಪ್ಪತ್ತೆರಡು ವರ್ಷದ ಮೇಲೆ ಆ ಕೂಸಿನ ಹೆಂಡತಿಯೇ ಬಾಣಂತಿಯಾದಳು. ಮುದುಕ ಮಾಯಣ್ಣ ಬೇರಿಗೆಂದು ಬೇಲಿ ದಾಟಿ ಒಳಹೊಕ್ಕ. ಎಷ್ಟು ಹೊತ್ತಾದರೂ ಬಾರದಿರಲು ತಿಮ್ಮಮ್ಮ ಹುಡುಕಿಕೊಂಡು ಬಂದಳು. ಅವನು ಕಪ್ಪು ಮಣ್ಣಿನಲ್ಲಿ ಕೈ ಹುದುಗಿಸಿ ಸುಮ್ಮನೆ ಕೂತಿದ್ದ.

“ಸಿಗ್ನಿಲ್ವಾ?”

“ಯಾವುದ್ನ ಅಗೀಲಮ್ಮಿ, ಇಷ್ಟೊಂದವೆ” ಎಂದ.